ಹದಿನೇಳನೇ ನಂಬರು

ನೀರು ಬಿದ್ದ ವೆಲ್ಡಿಂಗ್ ಕಾರ್ಬೈಡಿನ ವಾಸನೆ ಕೊಳೆತ ಬೆಳ್ಳುಳ್ಳಿಯ ಹಾಗಿರುತ್ತದೆ. ಯಾಗೊಡಾಳ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆದಿತ್ತು. ಅಪ್ಪ ಕಾರ್ಖಾನೆಯಿಂದ ಬಂದರೆ ಅವನ ಕೋಟಿನಲ್ಲಿ, ಕೂದಲಲ್ಲಿ, ಅವಳಿಗೆಂದು ಜೇಬಿನಲ್ಲಿಟ್ಟು ತಂದ ಸೇಬಿನ ಸಿಪ್ಪೆಯ ಮೇಲೆ ಕೂಡ ಅದೇ. ಮುಂದೆ ಅದೇ ಕಾರ್ಖಾನೆಯ ವೆಲ್ಡರ್ ವುಯೊನನ್ನು ಮದುವೆಯಾಗುತ್ತೇನೆಂದಾಗ, ಹುಡುಗನನ್ನು ನೋಡಿ ಒಪ್ಪಿದಳೋ ವಾಸನೆ ನೋಡಿ ಒಪ್ಪಿದಳೋ ಎಂದು ಗೆಳತಿಯರು ನಕ್ಕಿದ್ದರು.

ಈಗ ವುಯೊನಿಗೆ ಎಪ್ಪತ್ತೊಂಬತ್ತು. ನಲವತ್ತು ವರ್ಷ ಕುಡಿದ ವೆಲ್ಡಿಂಗ್ ಹೊಗೆ ಶ್ವಾಸಕೋಶದಲ್ಲಿ ಕೂತುಬಿಟ್ಟಿದೆ. ಮಂಚದಿಂದ ಕಿಟಕಿ, ಕಿಟಕಿಯಿಂದ ಮಂಚ, ಅಷ್ಟೇ ಅವನ ಓಡಾಟ.

ಚಳಿಗಾಲದ ಒಂದು ಮಧ್ಯಾಹ್ನ ಯಾಗೊಡಾ ಟಿ.ವಿ. ಮುಂದೆ ಆಲೂಗಡ್ಡೆ ಸುಲಿಯುತ್ತಿದ್ದಳು. ಯಾವುದೋ ಹೊರದೇಶದ ಸಿನಿಮಾ. ಮರಳುಗಾಡಿನಲ್ಲಿ ಸೈನ್ಯದ, ಉಕ್ಕಿನ ಹೊದಿಕೆಯ ದೊಡ್ಡ ಲಾರಿಯೊಂದು ಧೂಳೆಬ್ಬಿಸಿಕೊಂಡು ಬಂತು. ಅದು ಪಕ್ಕಕ್ಕೆ ತಿರುಗಿದಾಗ ಅವಳ ಕೈಯಲ್ಲಿದ್ದ ಚಾಕು ನಿಂತಿತು. ಡ್ರೈವರ್ ಹೊರಗೆ ನೋಡುವ ಎರಡು ಸೀಳುಗಳಲ್ಲಿ ಎಡಗಡೆಯದು ನಾಲ್ಕು ಬೆರಳು ಕೆಳಗಿತ್ತು. ಬಾಗಿಲ ಕೆಳಮೂಲೆಯಲ್ಲಿ, ಕರಗಿಸಿದ ಲೋಹದಿಂದ ಉಬ್ಬಿಸಿ ಬರೆದ ಹದಿನೇಳು.

ಅವಳು ವುಯೊನನ್ನು ತೋಳು ಹಿಡಿದು ಕರೆತಂದಳು. ಅವನು ಗೋಡೆಗೆ ಒರಗಿ ನೋಡಿದ. ಆ ದೃಶ್ಯ ಮುಗಿದು ಬೇರೆ ಬಂದರೂ ನೋಡುತ್ತಲೇ ಇದ್ದ.

"ನನ್ ಕೈ ಕೆಲ್ಸ ಅದು" ಎಂದ. ಆಮೇಲೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಅಸಲಿ ಲಾರಿ ತಮ್ಮ ವಸ್ತುಸಂಗ್ರಹಾಲಯದಲ್ಲೇ ನಿಂತಿದೆಯೆಂದು ಊರಿಗೆಲ್ಲ ಗೊತ್ತು. ದೇಶ ಒಡೆದ ತೊಂಬತ್ತೊಂದರ ಯುದ್ಧದಲ್ಲಿ ಕೂಪಾ ನದಿಯಾಚೆಯಿಂದ ಗುಂಡು ಬೀಳುತ್ತಿದ್ದಾಗ, ಗಾಯಗೊಂಡವರನ್ನು ಸೇತುವೆ ದಾಟಿಸಲೆಂದು ಕಾರ್ಖಾನೆಯವರು ಮರ ಸಾಗಿಸುವ ಲಾರಿಯೊಂದಕ್ಕೆ ಉಕ್ಕಿನ ತಗಡು ಹೊದಿಸಿದರು. ಜನ ಅದನ್ನು ಆಮೆ ಎಂದರು. ಅದರ ಡ್ರೈವರ್ ಬ್ಲಾಜ್ ಬಹಳ ಗಿಡ್ಡ. ಅವನನ್ನು ಸೀಟಿನಲ್ಲಿ ಕೂರಿಸಿ, ಕಣ್ಣಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಎಡಗಡೆಯ ಸೀಳು ಕೊರೆದವನು ವುಯೊ. ಆ ಕಾರ್ಖಾನೆಯಲ್ಲಿ ಪ್ರತಿ ವೆಲ್ಡರನಿಗೂ ಒಂದು ನಂಬರು. ಬೆಸುಗೆ ಬಿಟ್ಟರೆ ಯಾರನ್ನು ಹಿಡಿಯಬೇಕೆಂದು ತಿಳಿಯಲು, ಮುಗಿಸಿದ ಕೆಲಸದ ಪಕ್ಕದಲ್ಲಿ ತನ್ನ ನಂಬರನ್ನು ಒತ್ತಲೇಬೇಕು. ನಂಬರು ಒತ್ತುವ ಅಚ್ಚುಗಳು ಆಗ ಬೀಗ ಹಾಕಿದ ಆಫೀಸಿನೊಳಗಿದ್ದವು. ಶೆಲ್ ಬೀಳುತ್ತಿದ್ದರೂ ವುಯೊ ಅಭ್ಯಾಸ ಬಿಡದೆ, ವೆಲ್ಡಿಂಗ್ ಕಡ್ಡಿಯಿಂದಲೇ ಅಂಗೈಯಗಲ ಹದಿನೇಳು ಎಂದು ಬರೆದ.

ಅದನ್ನು ಕಟ್ಟಿದವರು ಒಂಬತ್ತು ಜನ. ಯುದ್ಧ ಮುಗಿದ ಮೇಲೆ ಅದರ ಪಕ್ಕ ಹಾಕಿದ ಹಿತ್ತಾಳೆ ಫಲಕದಲ್ಲಿ ಎಂಟು ಹೆಸರು. ನದಿಯಾಚೆಯಿಂದ ಗುಂಡು ಹಾರಿಸಿದವರು ಸರ್ಬರು. ವುಯೊ ಕೂಡ ಹುಟ್ಟಿನಿಂದ ಸರ್ಬ. ನಿನ್ನ ಹೆಸರು ಹಾಕಿದರೆ ಫಲಕಕ್ಕೆ ಕಲ್ಲು ಬೀಳುತ್ತದೆ, ಸ್ವಲ್ಪ ದಿನ ತಾಳು ಎಂದು ಸಂಗಡಿಗರೇ ಹೇಳಿದ್ದರು. ಅವನು ತಾಳಿದ.

ವಸಂತದಲ್ಲಿ ಸುದ್ದಿ ಬಂತು. ಸಿನಿಮಾಗಳಲ್ಲಿ ಕಾಣುವ ಯಂತ್ರಗಳು ಯಾವ ನಿಜವಾದ ಯಂತ್ರಗಳನ್ನು ನೋಡಿ ಹುಟ್ಟಿದವೆಂದು ಹುಡುಕಿ ಬರೆಯುವ ತೇನಾ ಎಂಬಾಕೆ ರಾಜಧಾನಿ ಜಾಗ್ರೆಬ್‌ನಿಂದ ಬಂದಿದ್ದಾಳೆ, ಊರಿನ ವಸ್ತುಸಂಗ್ರಹಾಲಯದಲ್ಲಿ ಆಮೆಯ ಪಕ್ಕ ಹೊಸ ಬೋರ್ಡು ನಿಲ್ಲಿಸುತ್ತಾಳೆ ಎಂದು. ಯಾಗೊಡಾ ವಸ್ತುಸಂಗ್ರಹಾಲಯಕ್ಕೆ ಫೋನು ಮಾಡಿ ಮಂಗಳವಾರ ಬರುತ್ತೇನೆಂದಳು. ಆ ಬೆಳಗ್ಗೆ ವುಯೊನಿಗೆ ಅಂಗಡಿಗೆಂದು ಹೇಳಿ ಹೊರಟಳು. ಅವನು ಉಸಿರಿರುವಾಗ ಅವನ ಹೆಸರನ್ನು ಒಂದು ಕಡೆ ಬರೆದದ್ದು ನೋಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ವಸ್ತುಸಂಗ್ರಹಾಲಯದ ಗೇಟಿನಲ್ಲಿ ಶ್ಟೆಫ್ ಕೂತಿದ್ದ. ಅವನು ಹಳೆಯ ವೆಲ್ಡರ್, ಫಲಕದ ಎಂಟರಲ್ಲಿ ಒಬ್ಬ, ಅವರಲ್ಲಿ ಇನ್ನೂ ಬದುಕಿರುವವನು ಅವನೊಬ್ಬನೇ. ಈಗ ಅಲ್ಲಿ ಕಾವಲು. ಅವನ ಮೇಜಿನ ಮೇಲೆ ಬಟ್ಟೆ ಸುತ್ತಿದ ಎರಡು ಊಟದ ಡಬ್ಬಿಗಳಿದ್ದವು. ಮುದುಕನಿಗೆ ಹಸಿವು ಜೋರು ಎಂದುಕೊಂಡಳು ಯಾಗೊಡಾ.

"ಏನಮ್ಮ, ನಿನ್ ಗಂಡ ಸಿನಿಮಾ ಸ್ಟಾರ್ ಆಗ್ಬಿಟ್ನಂತೆ?" ಎಂದ ಅವನು. "ಇನ್ಮೇಲೆ ನಮ್ಮಂಥೋರ್ ಜೊತೆ ಮಾತಾಡ್ತಾನೋ ಇಲ್ವೋ."

"ನೀನ್ ಮಾತಾಡ್ಸಿ ಎಷ್ಟ್ ವರ್ಷ ಆಯ್ತು, ಅದ್ ಹೇಳು ಮೊದ್ಲು" ಎಂದಳು ಯಾಗೊಡಾ.

ಅವನು ನಕ್ಕ, ಆದರೆ ಕಣ್ಣು ಎತ್ತಲಿಲ್ಲ.

ತೇನಾ ಒಳ್ಳೆಯ ಹುಡುಗಿ. ಮುದುಕಿಗೆ ಮಂಡಿನೋವೆಂದು ಕೇಳದೆಯೇ ಅರಿತು ಒಳಗಿನಿಂದ ಕುರ್ಚಿ ತಂದು ಆಮೆಯ ನೆರಳಿನಲ್ಲಿ ಹಾಕಿದಳು, ಬಿಸಿ ಕಾಫಿ ಕೊಟ್ಟಳು. ಬೋರ್ಡಿನ ಕರಡನ್ನು ಓದಿ ಹೇಳಿದಳು. ಸಿನಿಮಾದ ಲಾರಿಯ ಕೆಳಮೈ ದಕ್ಷಿಣ ಆಫ್ರಿಕಾದ ನೆಲಬಾಂಬು ತಡೆಯುವ ಗಾಡಿಯದು, ಚಕ್ರಗಳು ಸೋವಿಯತ್ ಕಾಲದ ಗಾಡಿಯವು, ಮೇಲಿನ ಹೊದಿಕೆ ಈ ಆಮೆಯದು. ಸಿನಿಮಾದವರು ಯುದ್ಧದ ಫೋಟೋ ಪುಸ್ತಕವೊಂದರಿಂದ ನಕಲು ಮಾಡಿದ್ದರಂತೆ. ಕೆಳಗಿದ್ದ ಎಡ ಸೀಳು ಬೇಕೆಂದೇ ಮಾಡಿದ್ದೆಂದು ಭಾವಿಸಿ ಅದನ್ನೂ ಉಳಿಸಿಕೊಂಡರಂತೆ. ಹದಿನೇಳು ಮಾತ್ರ ಯಾರಿಗೂ ಬಗೆಹರಿಯದೆ ಉಳಿದಿತ್ತು. ಪಡೆಯ ನಂಬರೆಂದು ಕೆಲವರು, ಸತ್ತವರ ಲೆಕ್ಕವೆಂದು ಕೆಲವರು ಜಗತ್ತಿನ ಮೂಲೆಮೂಲೆಯಿಂದ ಇಂಟರ್ನೆಟ್ಟಿನಲ್ಲಿ ಬರೆದು ಜಗಳವಾಡುತ್ತಿದ್ದರು.

ಯಾಗೊಡಾ ಎದ್ದು ಹೋಗಿ ಆ ಉಬ್ಬಿದ ಅಂಕಿಗಳ ಮೇಲೆ ಕೈಯಿಟ್ಟು ಎಲ್ಲವನ್ನೂ ಹೇಳಿದಳು. ಬ್ಲಾಜ್‌ನ ಗಿಡ್ಡತನ, ಸೀಮೆಸುಣ್ಣ, ಬೀಗದೊಳಗಿನ ಅಚ್ಚು, ಒಂಬತ್ತನೆಯವನು. ತೇನಾ ಬರೆದುಕೊಳ್ಳುತ್ತಾ ಹೋದಳು. ಒಂದೆರಡು ಸಲ ಅವಳ ಪೆನ್ನು ನಿಂತಿತು.

"ನಾನು ನಂಬ್ತೀನಿ ಚಿಕ್ಕಮ್ಮ. ಆದ್ರೆ ಕಾರ್ಖಾನೆ ಕಾಗದ ಎಲ್ಲ ಸುಟ್ಟೋಗಿದೆ. ಹೆಂಡತಿ ಮಾತೊಂದ್ರ ಮೇಲೆ ಹೆಸ್ರು ಹಾಕಿದ್ರೆ ಮೇಲಿನೋರು ಒಪ್ಪಲ್ಲ. ಅಲ್ಲಿದ್ದೋರು ಇನ್ನೊಬ್ರು ಹೂಂ ಅಂದ್ರೆ ಸಾಕು."

ಇಬ್ಬರೂ ಗೇಟಿನ ಕಡೆ ನೋಡಿದರು.

ಶ್ಟೆಫ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. ಹದಿನೇಳು ಯಾರ ನಂಬರು ಎಂದು ತೇನಾ ಕೇಳಿದಳು. ಅವನು ಆಮೆಯನ್ನು ನೋಡಿದ, ಹಿತ್ತಾಳೆ ಫಲಕದಲ್ಲಿದ್ದ ತನ್ನ ಹೆಸರನ್ನು ನೋಡಿದ. ಯಾಗೊಡಾಳನ್ನು ನೋಡಲಿಲ್ಲ.

"ಬಹಳ ಜನ ಇದ್ವಿ ಕಾರ್ಖಾನೇಲಿ" ಎಂದ. "ನೆನಪಿಲ್ಲ."

"ವುಯೊ ಅನ್ನೋರು ಇದ್ರಾ ನಿಮ್ ಜೊತೆ?"

"ನೆನಪಿಲ್ಲಮ್ಮ."

ಯಾಗೊಡಾ ಕೂಗಾಡಲಿಲ್ಲ. ಅವಳಿಗೆ ಅರ್ಥವಾಗಿತ್ತು. ಒಂಬತ್ತನೆಯವನಿದ್ದ ಎಂದು ಇವತ್ತು ಹೇಳಿದರೆ, ಮೂವತ್ತು ವರ್ಷ ಯಾಕೆ ಬಾಯಿ ಬಿಡಲಿಲ್ಲವೆಂದು ನಾಳೆ ಊರು ಕೇಳುತ್ತದೆ. ಅದಕ್ಕೆ ಉತ್ತರ ಕೊಡಲು ಉಳಿದಿರುವವನು ಶ್ಟೆಫ್ ಒಬ್ಬನೇ. ಅರ್ಥವಾದದ್ದರಿಂದ ಸಿಟ್ಟೇನೂ ಕಡಿಮೆಯಾಗಲಿಲ್ಲ. ಒಂದೇ ತಟ್ಟೆಯಲ್ಲಿ ವುಯೊನ ಜೊತೆ ಉಂಡ ಬಾಯಿ ಅದು.

ತೇನಾ ತಲೆ ತಗ್ಗಿಸಿ ಕರಡಿನ ಕೊನೆಯ ಸಾಲು ಬರೆದಳು. ಬಾಗಿಲ ಮೇಲಿನ ಹದಿನೇಳರ ಅರ್ಥ ತಿಳಿದುಬಂದಿಲ್ಲ. ಬರೆದು, ಕ್ಷಮಿಸಿ ಎಂದಳು. ಕಾಫಿಯ ಲೋಟ ತೆಗೆದುಕೊಳ್ಳುವಾಗ ಮುದುಕಿಯ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಅವಳ ತಪ್ಪೇನಿತ್ತು?

ಬಸ್ ಸ್ಟಾಪು ನದಿಯ ದಂಡೆಯಲ್ಲಿ. ಯಾಗೊಡಾ ಬೆಂಚಿನ ಮೇಲೆ ಕೂತು, ವುಯೊನಿಗೆ ಅಂಗಡಿಯಿಂದ ಏನು ತಂದೆನೆಂದು ತೋರಿಸಲಿ ಎಂದು ಯೋಚಿಸುತ್ತಿದ್ದಳು. ಬೆಳಗ್ಗೆ ಅವಳು ಅಂಗಡಿಗೆಂದಾಗ ಅವನು ತನ್ನ ಒಳ್ಳೆಯ ಅಂಗಿ ಎಲ್ಲಿದೆಯೆಂದು ಕೇಳಿದ್ದ. ಗುಟ್ಟು ಅವನಿಗೆ ತಿಳಿದುಹೋಗಿತ್ತು, ಹೆಸರು ಕೇಳಿ ಯಾರಾದರೂ ಮನೆಗೆ ಬರಬಹುದೆಂದು ಕಾದಿದ್ದಾನೆಂದು ಈಗ ಹೊಳೆಯಿತು.

ಹಿಂದೆ ಕಾಲೆಳೆಯುವ ಸದ್ದಾಯಿತು. ಶ್ಟೆಫ್. ಏದುಸಿರು ಬಿಡುತ್ತಿದ್ದ. ಮೇಜಿನ ಮೇಲಿದ್ದ ಎರಡು ಡಬ್ಬಿಗಳಲ್ಲಿ ಒಂದು ಅವನ ಕೈಯಲ್ಲಿತ್ತು. ಬೀನ್ಸ್ ಕಾಳು, ಹೊಗೆಯಾಡಿಸಿದ ಹಂದಿಮಾಂಸದ ಗಟ್ಟಿ ಸಾರಿನ ಪರಿಮಳ ಬಟ್ಟೆಯೊಳಗಿಂದ ಬರುತ್ತಿತ್ತು. ಅವಳು ಇವತ್ತು ಬರುವುದು ಅವನಿಗೆ ಮೊದಲೇ ಗೊತ್ತಿತ್ತು. ಏನು ಹೇಳಬೇಕೆಂಬುದನ್ನೂ ಈ ಡಬ್ಬಿಯನ್ನೂ ಅವನು ಮನೆಯಿಂದ ಒಟ್ಟಿಗೇ ಕಟ್ಟಿಕೊಂಡು ಬಂದಿದ್ದ.

ಬಸ್ಸು ಸೇತುವೆಯ ಮೇಲೆ ಕಾಣಿಸಿತು. ಅವನು ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟ.

"ಅವನಿಗೆ" ಎಂದ. "ಹುಳಿ ಬರ್ಸಿದ ಕೋಸು ಹಾಕ್ಸಿಲ್ಲ. ಅವನಿಗೆ ಸೇರಲ್ವಲ್ಲ."