ಹಲಗೆಯಿಲ್ಲದಲ್ಲಿ ಓಡಿದ ಹೆಜ್ಜೆ

ನಾನು ಒಂದು ಮತ್ತಿ ಮರದ ಹಲಗೆ. ಕಾಡಿನಲ್ಲಿ ನಿಂತಿದ್ದ ಕಾಲ ಸರಿಯಾಗಿ ನೆನಪಿಲ್ಲ. ಗರಗಸದ ಹಲ್ಲು ಮೈ ಸೀಳಿ ಹೋದದ್ದು ನೆನಪಿದೆ. ನನ್ನ ಹುಟ್ಟು ಅಲ್ಲಿಂದಲೇ ಎಂದುಕೊಳ್ಳುತ್ತೇನೆ. ಮೊದಲು ನನ್ನನ್ನು ಹೊನ್ನಾವರದ ಕಡೆಯ ಒಂದು ಹಳ್ಳಕ್ಕೆ ಸಂಕವಾಗಿ ಹಾಕಿದರು. ಮೀನಿನ ಬುಟ್ಟಿ ಹೊತ್ತ ಹೆಂಗಸರು, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಹೆಣದ ಚಟ್ಟ, ಎಲ್ಲವೂ ನನ್ನ ಮೇಲೆ ದಾಟಿದವು. ಮುಖ ನೋಡದೆ, ಅಂಗಾಲಿನಿಂದಲೇ ಜನರನ್ನು ಗುರುತಿಸುವುದನ್ನು ನಾನು ಕಲಿತದ್ದು ಅಲ್ಲಿ.

ಹಳ್ಳಕ್ಕೆ ಸಿಮೆಂಟಿನ ಸೇತುವೆ ಬಂದ ಮೇಲೆ ವಾಮನ ನಾಯ್ಕ ನನ್ನನ್ನೂ ಸಂಕದ ಉಳಿದ ಹಲಗೆಗಳನ್ನೂ ಕೊಂಡು ಒಯ್ದ. ಆತ ಬಂದರಿನ ಐಸ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಅವನ ಮನೆಯ ಹಿತ್ತಿಲು ಮುಗಿದಲ್ಲೇ ಶರಾವತಿ. ಕಂಬ ನೆಟ್ಟು, ನಮ್ಮನ್ನು ಸಾಲಾಗಿ ಬಡಿದು, ನೀರಿನ ಮೇಲಕ್ಕೆ ಚಾಚಿದ ಅಟ್ಟವೊಂದನ್ನು ಮಾಡಿದ. ಅವನು ಅದನ್ನು ಡೆಕ್ಕು ಎನ್ನುತ್ತಿದ್ದ, ಹೆಂಡತಿ ರೇವತಿ ಹಲಗೆ ಜಗಲಿ ಎನ್ನುತ್ತಿದ್ದಳು. ಕಡಲಿನ ಭರತ ಏರಿ ಬಂದಾಗ ನಮ್ಮ ಕೆಳಗೆ ನೀರು. ಇಳಿದಾಗ ಚೂಪು ಚಿಪ್ಪುಗಳು ಅಂಟಿದ ಕಪ್ಪು ಬಂಡೆ.

ಬೇಸಿಗೆ ಬಂತೆಂದರೆ ಆ ಮನೆಗೆ ನೆಂಟರು. ದಾವಣಗೆರೆಯಿಂದ ವಾಮನನ ತಂಗಿ ಲತಿಕಾ ಮಗಳು ಇಂಚರಾಳನ್ನು ಕರೆದುಕೊಂಡು ಬರುತ್ತಿದ್ದಳು. ಸಂಜೆ ಎಲ್ಲರೂ ನಮ್ಮ ಮೇಲೆಯೇ ಕೂತು ಕಲ್ಲಂಗಡಿ ತಿನ್ನುವುದು, ಇಸ್ಪೀಟಾಡುವುದು. ಕಲ್ಲಂಗಡಿಯ ರಸ ನಮ್ಮ ಸಂದಿಗಳಲ್ಲಿ ಇಳಿದು ಅಂಟುತ್ತಿತ್ತು.

ಒಂದು ವರ್ಷ, ನಡುವಿನ ಕೆಲವು ಹಲಗೆಗಳು ಕುಂಬು ಹಿಡಿದು ಕೊಳೆತವು. ಬಡಗಿ ಪಾಂಡು ಮೇಸ್ತ ಅವನ್ನು ಕಿತ್ತು ಹಾಕಿದ. ಅವುಗಳ ನಡುವೆ ಗಟ್ಟಿಯಾಗಿಯೇ ಇದ್ದ ನನ್ನನ್ನೂ ಇನ್ನು ಕೆಲವರನ್ನೂ ಬಿಚ್ಚಿ ಗೋಡೆಗೆ ಒರಗಿಸಿದ. ಅಷ್ಟರಲ್ಲಿ ಅವನ ಮನೆಯಲ್ಲಿ ಮದುವೆ ಬಂತು, ಹೋದವನು ತಿರುಗಿ ಬರಲಿಲ್ಲ. ವಾಮನನ ರಜೆಗಳೆಲ್ಲ ಗಾಳ ಹಾಕುವುದರಲ್ಲಿ, ಬಂದ ಭಾವಂದಿರ ಜೊತೆ ಹರಟುವುದರಲ್ಲಿ ಕಳೆದವು. ಡೆಕ್ಕಿನ ನಡುವೆ ಗುಂಡಿ ಹಾಗೆಯೇ ಬಾಯಿ ತೆರೆದುಕೊಂಡಿತ್ತು.

"ಲತಿಕಾ ನಾಳೆ ಬತ್ತಾಳೆ," ಎಂದಳು ರೇವತಿ. "ಆ ಗುಂಡಿ ಎಂತ ಮಾಡೂದು?"

"ಹಗ್ಗ ಕಟ್ಟಿದ್ದೇನಲ್ಲ. ಹುಡುಗಿಗೆ ಒಂದು ಮಾತು ಹೇಳಿದ್ರೆ ಆಯ್ತು. ಸಿಕ್ಕೂದೇ ಒಂದು ರಜೆ, ಅದನ್ನೂ ಸುತ್ತಿಗೆ ಹಿಡ್ಕಂಡು ಕಳೀಬೇಕಾ?"

ಅಂದು ಸಂಜೆ ನದಿ ಇಳಿದಿತ್ತು. ವಾಮನ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಗಾಳದ ದಾರ ಸುತ್ತುತ್ತಿದ್ದ. ಆಗ ಅಡುಗೆಮನೆಯ ಬಾಗಿಲಿನಿಂದ ಬರಿಗಾಲ ಮಗುವೊಂದು ಡೆಕ್ಕಿನ ಮೇಲೆ ಓಡಿದ ಸದ್ದಾಯಿತು. ಅವನು ತಲೆಯೆತ್ತಿದ. ಯಾರೂ ಇರಲಿಲ್ಲ. ಸದ್ದು ಮುಂದಿನ ಹಲಗೆಗಳನ್ನು ದಾಟಿ ಗುಂಡಿಯ ಮೇಲೂ ಹೋಯಿತು. ಮರವೇ ಇಲ್ಲದಲ್ಲಿ ಮರದ ಸದ್ದು. ಗೋಡೆಗೆ ಒರಗಿದ್ದ ನನ್ನ ಮೇಲೆ ಪುಟ್ಟ ಪಾದವೊಂದು ಬಿತ್ತು: ಮೊದಲು ಹಿಮ್ಮಡಿ, ಆಮೇಲೆ ಬೆರಳು. ಬೆಚ್ಚಗಿತ್ತು, ಸ್ವಲ್ಪ ಒದ್ದೆಯಾಗಿತ್ತು. ಇನ್ನೊಂದು ಪಾದ ಬೀಳಲಿಲ್ಲ.

ಅಷ್ಟೇ. ಕೂಗಿಲ್ಲ, ಬಿದ್ದ ಸದ್ದಿಲ್ಲ.

ರೇವತಿ ಸೌಟು ಹಿಡಿದೇ ಹೊರಗೆ ಬಂದಳು. "ಯಾರ ಮನೆ ಮಕ್ಳು ಬಂದದ್ದು?"

ವಾಮನ ಬಂಡೆಗಳಿಗೆ ಇಳಿದ. ಚಿಪ್ಪುಗಳಿಗೆ ಕಾಲು ಕೊಯ್ದುಕೊಂಡು ಒಂದೊಂದು ಸಂದಿಯನ್ನೂ ನೋಡಿದ. ಒಂದು ಏಡಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮೇಲೆ ಬಂದವನು ಗಾಳವನ್ನು ಮೂಲೆಗೆಸೆದು ನೇರ ನನ್ನ ಬಳಿಗೆ ಬಂದ. ನನ್ನನ್ನೂ ಜೊತೆಯವರನ್ನೂ ಗುಂಡಿಗೆ ಅಡ್ಡ ಹಾಕಿದ. ಸಾಲದ ಕಡೆಗೆ ಉಗ್ರಾಣದ ಬಾಗಿಲನ್ನೇ ಕಿತ್ತು ತಂದು ಬಡಿದ. ರೇವತಿ ಒಂದೊಂದೇ ಮೊಳೆ ಕೊಡುತ್ತ ಹೋದಳು.

ಮರುದಿನ ಮಧ್ಯಾಹ್ನ ನೆಂಟರ ಆಟೋ ಬಂತು. ಇಂಚರಾ ಬಾಗಿಲಲ್ಲಿ ಕಾಲು ತೊಳೆದಳು. ಯಾರಾದರೂ ಬಾಯಿ ತೆರೆಯುವ ಮೊದಲೇ ನಡುಮನೆ, ಅಡುಗೆಮನೆ ದಾಟಿ ಡೆಕ್ಕಿಗೆ ಓಡಿದಳು. ಹಗ್ಗದ ಕೆಳಗೆ ನುಸುಳಿದಳು. ನನ್ನ ಮೇಲೆ ಪಾದ ಬಿತ್ತು. ಹಿಮ್ಮಡಿ, ಬೆರಳು, ಒದ್ದೆ, ಬಿಸಿ. ಅದೇ ಪಾದ. ನನ್ನ ಮೈ ಬಾಗಿತು, ಹೊಸ ಮೊಳೆ ಕಿರ್ರೆಂದಿತು. ಇನ್ನೊಂದು ಪಾದವೂ ಬಿತ್ತು. ಅವಳು ದಾಟಿದಳು.

ವಾಮನ ಹಿಂದೆಯೇ ಓಡಿ ಬಂದ. ಹುಡುಗಿ ಕಟಕಟೆ ಹಿಡಿದು ತಿರುಗಿ ನನ್ನನ್ನೇ ನೋಡಿದಳು.

"ಮಾಮ, ಇಲ್ಲಿ ಹಲಗೆ ಯಾವಾಗ ಹಾಕ್ಸಿದ್ರಿ?"

"ಯಾಕೆ ಮಗಾ?"

"ನಿನ್ನೆ ನಾನ್ ಬಂದಾಗ ಇರ್ಲಿಲ್ಲ."

ಲತಿಕಾ ನಕ್ಕಳು. "ನಿನ್ನೆ ಸಂಜೆ ಇವಳು ಜ್ವರ ಬಂದು ದಾವಣಗೆರೆಯಲ್ಲೇ ಮಲಗಿದ್ದಳು ಅಣ್ಣ. ಎಷ್ಟು ಕರೆದ್ರೂ ಏಳ್ಲೇ ಇಲ್ಲ. ಆಮೇಲೆ ತಾನಾಗೇ ಎದ್ದು ನೀರು ಕೇಳಿದ್ಳು."

ವಾಮನ ಅಲ್ಲೇ ನನ್ನ ಮೇಲೆ ಕೂತ. ರೇವತಿ ಹುಡುಗಿಯ ಕೈ ಹಿಡಿದು ಒಳಗೆ ಕರೆದೊಯ್ದಳು. ಆ ರಜೆಯಲ್ಲಿ ಮತ್ತೆ ಯಾರೂ ಡೆಕ್ಕಿನ ಮೇಲೆ ಇಸ್ಪೀಟಾಡಲಿಲ್ಲ.

ಈಗ ಅಲ್ಲಿ ಸಿಮೆಂಟಿನ ಕಟ್ಟೆಯಿದೆ. ಉಳಿದ ಹಲಗೆಗಳು ಒಲೆ ಸೇರಿದವು. ನನ್ನನ್ನು ಮಾತ್ರ ವಾಮನ ಸುಡಗೊಡಲಿಲ್ಲ. ಬಾವಿಯ ಪಕ್ಕದ ನೆರಳಿನಲ್ಲಿ ಎರಡು ಕಲ್ಲಿನ ಮೇಲೆ ಇಟ್ಟ. ಗೆದ್ದಲು ಒಂದು ತುದಿಯಿಂದ ನಿಧಾನವಾಗಿ ಬರುತ್ತಿದೆ. ಇಂಚರಾ ದೊಡ್ಡವಳಾಗಿದ್ದಾಳೆ, ಈಗಲೂ ಬೇಸಿಗೆಗೆ ಬರುತ್ತಾಳೆ. ಒಮ್ಮೆ ಅವನು ಆ ಸಂಜೆಯ ಮಾತೆತ್ತಿದ. "ನಂಗೇನೂ ನೆನಪಿಲ್ಲ ಮಾಮ," ಎಂದು ನನ್ನ ಮೇಲೆ ಕೂತು ಮಾವಿನಹಣ್ಣು ಹಿಂಡಿಕೊಂಡು ತಿಂದಳು.

ಅವಳು ಮರೆತ ಆ ಗುಂಡಿಯ ಕನಸು ಈಗ ಅವನಿಗೆ ಬೀಳುತ್ತದೆ. ಕೆಲವು ಬೆಳಿಗ್ಗೆ ಹಾಸಿಗೆಯಿಂದೆದ್ದು ಬರಿಗಾಲಲ್ಲೇ ಬಂದು ನನ್ನ ಮೇಲೆ ಒಂದು ಪಾದ ಊರುತ್ತಾನೆ. ನಾನು ಇದ್ದೇನೆಂದು ಗಟ್ಟಿಯಾದ ಮೇಲೆ ಚಹಾಕ್ಕೆ ಒಳಗೆ ಹೋಗುತ್ತಾನೆ. ಹೊರುವುದು ಹಲಗೆಯ ಕೆಲಸ, ಅದರಲ್ಲಿ ನನಗೆ ದೂರಿಲ್ಲ. ಆದರೆ ಅವನು ಕಾಲೆತ್ತಿ ಹೋದ ಮೇಲೂ ಆ ಭಾರ ಸ್ವಲ್ಪ ಹೊತ್ತು ನನ್ನ ಮೇಲೆಯೇ ಇರುತ್ತದೆ.