ಹರಿವಾಣದಲ್ಲಿ ಅರ್ಜಿ

ಅರ್ಜಿಯ ಮೇಲೆ ಹೂವಿಡಬೇಕೋ, ಹೂವಿನ ಮೇಲೆ ಅರ್ಜಿ ಇಡಬೇಕೋ ಎಂಬುದು ಸರದಿಯಲ್ಲಿ ನಿಂತಾಗಲೂ ತೀರ್ಮಾನವಾಗಿರಲಿಲ್ಲ.

"ಅರ್ಜಿ ಮೇಲಿರ್ಲಿ ಅಣ್ಣ. ಕಾಣ್ಬೇಕಲ್ಲ," ಎಂದಳು ರಸಿತಾ.

"ಜಾರಿ ಬೀಳತ್ತೆ."

"ಬೀಳ್ಲಿ ಬಿಡಿ. ಸದ್ದಾದ್ರೂ ಆಗತ್ತೆ."

ನಿಥಿವತ್ ಹರಿವಾಣದ ಹೂವನ್ನೆಲ್ಲ ಪಕ್ಕಕ್ಕೆ ತೆಗೆದ. ಅರ್ಜಿಯಿದ್ದ ನೀಲಿ ರಟ್ಟಿನ ಕಡತವನ್ನು ತಳಕ್ಕಿಟ್ಟ. ಮೇಲೆ ಗರಿಕೆ, ಕೇಪಳ, ಬದನೆ ಹೂವು ಜೋಡಿಸಿದ. ಅರಳು ಚೆಲ್ಲಿದ. ಕಡತದ ಒಂದು ಮೂಲೆ ಮಾತ್ರ ಹೊರಗೆ ಇಣುಕುವಂತೆ ಬಿಟ್ಟ. ನೋಡುವವರಿಗೆ ಅಷ್ಟು ಸಾಕು ಎಂದುಕೊಂಡ.

ಗುರುವಾರ, ಗುರುವಂದನೆಯ ದಿನ. ಸಭಾಂಗಣದಲ್ಲಿ ಬಿಳಿ ಅಂಗಿಯ ಎರಡು ಸಾವಿರ ಹೊಸ ವಿದ್ಯಾರ್ಥಿಗಳು ಕಾಲು ಮಡಚಿ ಕೂತಿದ್ದರು. ವೇದಿಕೆಯ ಮೇಲೆ, ಎಲ್ಲರ ಕುರ್ಚಿಗಿಂತ ಅಗಲವಾದ ಕುರ್ಚಿಯಲ್ಲಿ ಕುಲಪತಿ. ಮಕ್ಕಳ ಸರದಿ ಮುಗಿದ ಮೇಲೆ ಕಿರಿಯ ಅಧ್ಯಾಪಕರು ಹಿರಿಯರಿಗೆ ಹರಿವಾಣ ಒಪ್ಪಿಸುವುದು ಇಲ್ಲಿನ ಪದ್ಧತಿ. ನಲವತ್ತಾರರ ನಿಥಿವತ್ ಈ ಲೆಕ್ಕದಲ್ಲಿ ಇನ್ನೂ ಕಿರಿಯ.

ಎದುರಿನ ಗೋಡೆಯಲ್ಲಿ ಬ್ಯಾನರು: ಪಾರದರ್ಶಕ ಆಡಳಿತ, ನೂರಕ್ಕೆ ತೊಂಬತ್ತಮೂರು ಅಂಕ. ಆ ಅಂಕಕ್ಕೆ ಬೇಕಾದ ನಮೂನೆಯನ್ನು ವಿಭಾಗದ ಪರವಾಗಿ ತುಂಬಿದವನು ಅವನೇ. ಅವನು ಕಲಿಸುವ ವಿಷಯದ ಹೆಸರೂ ಉತ್ತಮ ಆಡಳಿತ.

ಅರ್ಜಿಯಲ್ಲಿ ಅರವತ್ತೆಂಟು ಅಧ್ಯಾಪಕರ ಸಹಿ. ಕೇಳಿದ್ದು ಎರಡೇ. ವಿಶ್ವವಿದ್ಯಾಲಯ ಮಂಡಳಿಯ ನಡಾವಳಿಯನ್ನು ಯಾರು ಬೇಕಾದರೂ ಓದುವಂತಿರಬೇಕು. ಗುತ್ತಿಗೆ ಅಧ್ಯಾಪಕರನ್ನು ಕೆಲಸದಿಂದ ಬಿಡಿಸಿದರೆ ಕಾರಣವನ್ನು ಬರೆದು ಕೊಡಬೇಕು. ಕುಲಪತಿಗೆ ಎಪ್ಪತ್ತೊಂದು. ಎರಡು ಅವಧಿ ಮುಗಿದ ಮೇಲೆ ಮತ್ತೆರಡು ವರ್ಷ ಹಂಗಾಮಿಯಾಗಿ ಕೂತಿದ್ದರು. ಅಳಿಯ ಅಲ್ಲ, ಮಗಳ ಗಂಡ ಎಂದಂತೆ. ಇವರು ಆರಿಸಿದ ಮಂಡಳಿ ಇವರನ್ನು ಆರಿಸುತ್ತಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಮಂಡಳಿ ಮತ್ತೊಮ್ಮೆ ಸೇರಲಿತ್ತು.

ಮಂಡಳಿಗೆ ಹೋಗುವ ಯಾವ ಕಾಗದವಾದರೂ ಕುಲಪತಿಯ ಕೈ ದಾಟಿಯೇ ಹೋಗಬೇಕು, ಇದು ನಿಯಮ. ಸಹಿ ಹಾಕಿದವರು ಮೂರು ಸಲ ಕಚೇರಿಗೆ ಹೋದರು. ಮೂರು ಸಲವೂ ಸಾಹೇಬರು ಮೀಟಿಂಗಿನಲ್ಲಿದ್ದರು. ಅವರು ಮುಟ್ಟದ ಕಾಗದಕ್ಕೆ ಟಪಾಲು ವಿಭಾಗದವರು ಮೊಹರು ಒತ್ತಲಿಲ್ಲ. ಮೊಹರಿಲ್ಲದ ಕಾಗದ ಹುಟ್ಟಿಯೇ ಇಲ್ಲ ಎಂದು ಅರ್ಥ.

ಆಗ ಇತಿಹಾಸ ವಿಭಾಗದ ಸಕ್ದಾಗೆ ಹೊಳೆದದ್ದು ಈ ಉಪಾಯ. ಗುರುವಂದನೆಯ ದಿನ ತಂದ ಹರಿವಾಣವನ್ನು ಯಾವ ಗುರುವೂ ಬೇಡ ಎನ್ನುವಂತಿಲ್ಲ. ಫೋನಿನ ಗುಂಪಿನಲ್ಲಿ ಅರವತ್ತೆಂಟು ಜನಕ್ಕೂ ಹಿಗ್ಗೋ ಹಿಗ್ಗು. ಅರ್ಜಿ ಕೊಟ್ಟಂತೆಯೂ ಆಯಿತು, ಒರಟರು ಎನ್ನಿಸಿಕೊಳ್ಳದಂತೆಯೂ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಪ್ಪಿಸಲು ನಿಥಿವತ್‌ನೇ ಸರಿ ಎಂದರು. ಅವನು ಕುಲಪತಿಯ ಖಾಸಾ ಶಿಷ್ಯ. ಅವನ ವಿದ್ಯಾರ್ಥಿವೇತನಕ್ಕೆ ಶಿಫಾರಸು ಬರೆದವರು ಅವರು. ಆ ಪತ್ರ, ಉದ್ದ ಬಾಲದ ಸಹಿಯ ಸಮೇತ, ಅವನ ಮನೆಯ ಗೋಡೆಯಲ್ಲಿ ಕಟ್ಟುಹಾಕಿಸಿಕೊಂಡು ಕೂತಿದೆ.

ಸಕ್ದಾಗೆ ಇವತ್ತು ಬೆಳಿಗ್ಗೆ ಹಲ್ಲುನೋವು ಬಂದಿತ್ತು.

"ನಾನು ಕೆಳಗಡೆಯಿಂದ ಫೋಟೋ ತಗೀತೀನಿ," ಎಂದಳು ರಸಿತಾ. "ಕೊಟ್ಟಿದ್ದಕ್ಕೆ ಸಾಕ್ಷಿ ಬೇಕು. ಬೆನ್ನು ನೆಟ್ಟಗಿರ್ಲಿ."

ರಸಿತಾಳ ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮುಂದುವರಿಸುವುದಿಲ್ಲ ಎಂದು ಒಂದು ಸಾಲಿನ ಕಾಗದ ಬಂದಿತ್ತು. ಆರು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವಳು ವಿಭಾಗದ ಸಭೆಯಲ್ಲಿ ಎದ್ದು, ಮಂಡಳಿಯ ನಡಾವಳಿ ಎಲ್ಲಿ ಓದಲಿಕ್ಕೆ ಸಿಗುತ್ತದೆ ಎಂದು ಕೇಳಿದ್ದಳು. ಅವಳ ತಪ್ಪು ಅಷ್ಟೇ. ಅರ್ಜಿ ಇವತ್ತು ಮಂಡಳಿಯ ಮುಂದೆ ಇರುತ್ತದೆಂದು ನಿಥಿವತ್ ಅವಳಿಗೆ ಮಾತು ಕೊಟ್ಟಿದ್ದ. ಕೊಟ್ಟಾಗ ಅವನಿಗೆ ತನ್ನ ಬಗ್ಗೆ ತುಂಬ ಒಳ್ಳೆಯ ಅಭಿಪ್ರಾಯ ಬಂದಿತ್ತು.

ಹೇಗೆ ಮಾಡಬೇಕೆಂದು ಅವನು ಕನ್ನಡಿಯ ಮುಂದೆ ಮೂರು ದಿನ ಅಭ್ಯಾಸ ಮಾಡಿದ್ದ. ಒಂದು ಮಂಡಿ ಮಾತ್ರ ಊರಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಗುರುಗಳೇ, ಇದು ಮಂಡಳಿಗೆ ಅರ್ಜಿ, ದಯವಿಟ್ಟು ಸ್ವೀಕರಿಸಿ. ಎಂಟು ಪದವೂ ಇಲ್ಲ.

ವೇದಿಕೆಯ ನೆಲ ತಣ್ಣಗಿತ್ತು. ಸರದಿಯಲ್ಲಿ ಅವನ ಮುಂದಿದ್ದವಳು ಮಂಡಿಯ ಮೇಲೆ ತೆವಳುತ್ತಾ ಹೋದಳು. ಅವಳ ಹಿಂದೆ ಒಬ್ಬನೇ ನಿಂತು ನಡೆಯುವುದು ಹೇಗೆ? ಎರಡೂ ಮಂಡಿ ತಾವಾಗಿ ಮಡಚಿಕೊಂಡವು. ಮಂಡಿ ಬಗ್ಗಿದ ಮೇಲೆ ಬೆನ್ನು ಬಗ್ಗಿತು, ಬೆನ್ನಿನ ಹಿಂದೆಯೇ ಕುತ್ತಿಗೆ ಹೋಯಿತು. ಹಣೆ ಕುಲಪತಿಯ ಬೂಟಿನ ತುದಿಗೆ ಒಂದು ಗೇಣು ದೂರದಲ್ಲಿತ್ತು. ಬೂಟಿನ ಪಾಲಿಷಿನ ವಾಸನೆ ಅವನಿಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ನಾಚಿಕೆಯಾಯಿತು.

"ಏನಯ್ಯಾ ನಿಥಿ, ಇಳಿದುಹೋಗಿದೀಯಲ್ಲ. ಊಟ ಸರಿಯಾಗಿ ಮಾಡ್ತೀಯೋ ಇಲ್ವೋ?"

"ಮಾಡ್ತೀನಿ ಗುರುಗಳೇ. ಇದು, ಮಂಡಳಿಗೆ..."

"ಗೊತ್ತು, ಗೊತ್ತು. ಒಳ್ಳೇದಾಗ್ಲಿ."

ಕುಲಪತಿ ಎರಡೂ ಕೈಯಿಂದ ಹರಿವಾಣ ಮುಟ್ಟಿದರು, ಪಕ್ಕಕ್ಕೆ ದಾಟಿಸಿದರು. ಯಾರೋ ಅದನ್ನು ಪರದೆಯ ಹಿಂದಕ್ಕೆ ಒಯ್ದರು. ಫ್ಲ್ಯಾಶು ಮಿಂಚಿತು. ಹಿಂದಿನವರ ಮಂಡಿ ಅವನ ಕಾಲಿಗೆ ತಾಗುತ್ತಿತ್ತು.

ಕಾಣಿಕೆ ಕೊಟ್ಟು ರಸೀದಿ ಕೇಳುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ. ಮೆಟ್ಟಿಲಿಳಿಯುವಾಗ ಅವನಿಗೆ ಅದು ಹೊಳೆಯಿತು.

ಸಭಾಂಗಣದ ಹಿಂದಿನ ಅಂಗಡಿಯಲ್ಲಿ ರಸಿತಾ ಪಪ್ಪಾಯಿ ಕಾಯಿಯ ಖಾರದ ಕೋಸಂಬರಿ ತರಿಸಿಕೊಂಡಿದ್ದಳು. ಅಂಟಕ್ಕಿಯ ಅನ್ನವನ್ನು ಉಂಡೆ ಮಾಡುತ್ತಾ ಫೋನು ಅವನತ್ತ ತಳ್ಳಿದಳು. ಅವಳು ತೆಗೆದ ಫೋಟೋದಲ್ಲಿ ಅವನ ಎರಡು ಅಂಗಾಲುಗಳಿದ್ದವು. ಒಂದು ಕಾಲುಚೀಲದಲ್ಲಿ ತೂತಿತ್ತು.

"ಇದ್ರಲ್ಲಿ ಅರ್ಜಿ ಎಲ್ಲಿದೆ, ತೋರ್ಸಿ."

"ಮುಂದೆ ಇತ್ತು."

"ಬೆನ್ನು ನೆಟ್ಟಗಿರ್ಲಿ ಅಂದಿದ್ದೆ."

"ಜಾಗ ಚಿಕ್ಕದು. ಹಿಂದೆ ಜನ ಇದ್ರು."

"ಹೂಂ. ಈಗ ಇದು ನೋಡಿ."

ವಿಶ್ವವಿದ್ಯಾಲಯದ ಪುಟದಲ್ಲಿ ಇನ್ನೊಂದು ಫೋಟೋ. ಸ್ಪಷ್ಟವಾಗಿ, ಚೆಂದವಾಗಿ ಬಂದಿತ್ತು. ಕುಲಪತಿಯ ನಗು, ಹೂವು, ಬಗ್ಗಿದ ತಲೆ. ಕೆಳಗೆ ಒಕ್ಕಣೆ: ಅಧ್ಯಾಪಕ ನಿಥಿವತ್ ಅವರು ಅರವತ್ತೆಂಟು ಸಹೋದ್ಯೋಗಿಗಳ ಪರವಾಗಿ ಕುಲಪತಿಯವರಿಗೆ ಗೌರವ ಸಲ್ಲಿಸಿ ಮುಂದಿನ ಅವಧಿಗೆ ಶುಭ ಕೋರಿದರು.

ಅವನು ಎರಡು ಸಲ ಓದಿದ.

"ಅರವತ್ತೆಂಟು ಅಂತ ಅವ್ರಿಗೆ ಹೇಗೆ ಗೊತ್ತಾಯ್ತು?"

"ನನ್ನ ಕೇಳ್ತೀರಾ? ಹಲ್ಲುನೋವಿನೋರನ್ನ ಕೇಳಿ." ಅವಳು ನಕ್ಕಳು, ಆದರೆ ಕಣ್ಣು ಖಾರಕ್ಕೋ ಯಾವುದಕ್ಕೋ ಕೆಂಪಾಗಿತ್ತು. "ಗುಂಪಿನಿಂದ ಹದಿನೇಳು ಜನ ಆಗ್ಲೇ ಹೊರಗೆ ಹೋದ್ರು. ಸಕ್ದಾ ಕೈಮುಗಿಯೋ ಮೊಲದ ಚಿತ್ರ ಕಳ್ಸಿದಾರೆ."

"ನಾನು ಹೇಳ್ದೆ, ಮಂಡಳಿಗೆ ಅಂತ."

"ಅರ್ಜಿ ಅಂದ್ರಾ?"

ಅವನು ನೀರು ಕುಡಿದ. ಅಂಗಡಿಯವಳು ಒರಳಿನಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು.

"ಆದ್ರೆ ಒಂದಿದೆ ಅಣ್ಣ," ಎಂದಳು ರಸಿತಾ, ತಟ್ಟೆ ಪಕ್ಕಕ್ಕೆ ಸರಿಸಿ. "ಅರವತ್ತೆಂಟು ಜನದಿಂದ ತಗೊಂಡೆ ಅಂತ ಅವ್ರೇ ಬರ್ದು ಹಾಕಿದಾರೆ. ಫೋಟೋ ಅವ್ರದ್ದೇ. ಇದ್ಕಿಂತ ಸಾಕ್ಷಿ ಬೇಕಾ? ಟಪಾಲಿನವರು ಇಲ್ಲ ಅನ್ನೋಕಾಗಲ್ಲ. ನಾಲ್ಕು ಗಂಟೆ ಒಳಗೆ ಕಡತ ತಂದ್ಕೊಡಿ. ಮೊಹರು ಹಾಕಿಸೋದು ನನ್ನ ಕೆಲ್ಸ. ನಾಲ್ಕನೇ ಮಹಡೀಲಿ, ಟಪಾಲಿನವರ ಹತ್ರ ಕಾಯ್ತಿರ್ತೀನಿ."

"ಹೋಗಿ ತರ್ತೀನಿ."

"ನೆಟ್ಟಗೆ ಬನ್ನಿ. ದಾರೀಲಿ ಯಾರಿಗೂ ಕೈಮುಗೀಬೇಡಿ."

ಮೂರೂ ಇಪ್ಪತ್ತು. ಪರದೆಯ ಹಿಂದಿನ ಕೋಣೆಯಲ್ಲಿ ಹರಿವಾಣಗಳು ನೆಲದಿಂದ ಸೊಂಟದೆತ್ತರಕ್ಕೆ ಪೇರಿಸಿಕೊಂಡಿದ್ದವು. ಕಸಗುಡಿಸುವ ಲಮೈ ದೊಡ್ಡಮ್ಮ ಹೂವನ್ನೆಲ್ಲ ಗೋಣಿಗೆ ಸುರಿಯುತ್ತಿದ್ದಳು. ಬೆಳಿಗ್ಗೆಯ ಗರಿಕೆ ಆಗಲೇ ಕೊಳೆತ ವಾಸನೆ ಬೀರುತ್ತಿತ್ತು.

"ದೊಡ್ಡಮ್ಮ, ನನ್ನ ಹರಿವಾಣ..."

"ಎಲ್ಲಾ ಒಂದೇ ಥರ ಅಲ್ವಾ ಆಚಾನ್. ಯಾವ್ದು ಅಂತ ಹುಡುಕ್ಲಿ?"

ಇಲ್ಲಿ ಮೇಷ್ಟರನ್ನೆಲ್ಲ ಆಚಾನ್ ಎನ್ನುವುದು ರೂಢಿ. ಆ ಕ್ಷಣ ಆ ಮಾತೂ ಅವನಿಗೆ ಚುಚ್ಚಿದಂತಾಯಿತು.

"ಅದ್ರೊಳಗೆ ಕಡತ ಇತ್ತು. ನೀಲಿದು."

"ಓ, ಕಡತಾನಾ! ಮೊದ್ಲೇ ಹೇಳೋದಲ್ವಾ." ಅವಳು ಸೊಂಟ ಹಿಡಿದುಕೊಂಡು ಎದ್ದಳು. ಮೆಟ್ಟಿಲ ಕೆಳಗಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದಳು. "ಇದ್ರಲ್ಲಿ ಹುಡುಕಿ. ವರ್ಷಾವರ್ಷ ಬರ್ತಾನೇ ಇರ್ತವೆ. ಹೂವಿನ ಕೆಳಗೆ ಇಟ್ಟಿರ್ತಾರೆ."

ಪೆಟ್ಟಿಗೆಯಲ್ಲಿ ಹತ್ತು ಹನ್ನೆರಡು ಕಡತಗಳಿದ್ದವು. ಹಸಿರು, ಹಳದಿ, ನೀಲಿ. ಎಲ್ಲಕ್ಕೂ ಕಟ್ಟಿದ ದಾರ ಕಟ್ಟಿದಂತೆಯೇ ಇತ್ತು.

"ಬಿಸಾಕೋಕೆ ಭಯ. ದೊಡ್ಡೋರ ಕಾಗ್ದ, ನಾಳೆ ಯಾರಾದ್ರೂ ಕೇಳಿದ್ರೆ? ಇಷ್ಟು ವರ್ಷದಲ್ಲಿ ಕೇಳ್ಕೊಂಡು ಬಂದಿದ್ದು ನೀವೇ ಮೊದ್ಲು."

ಇವತ್ತಿನದು ಮೇಲೇ ಇತ್ತು. ತೆಗೆದುಕೊಂಡು ಹೊರಡಬೇಕಿತ್ತು. ಕೈ ಮಾತ್ರ ತಳದವರೆಗೆ ಹೋಗಿ, ಅಂಚು ಗೆದ್ದಲು ತಿಂದ ಹಳದಿ ಕಡತವೊಂದನ್ನು ಎಳೆಯಿತು. ದಾರ ಮುಟ್ಟಿದ್ದೇ ತಡ ಪುಡಿಯಾಯಿತು. ಹನ್ನೊಂದು ವರ್ಷದ ಹಿಂದಿನ ತಾರೀಕು. ಆಗ ಕುಲಪತಿ ಬೇರೆಯವರು. ಮಂಡಳಿಯ ನಡಾವಳಿಯನ್ನು ಯಾರು ಬೇಕಾದರೂ ಓದುವಂತಿರಬೇಕು ಎಂದು ಅದರಲ್ಲೂ ಬರೆದಿತ್ತು. ಮಾತು ಇವತ್ತಿನ ಅರ್ಜಿಗಿಂತ ಖಡಕ್ಕಾಗಿತ್ತು.

ಮೊದಲ ಸಹಿಗೆ ಉದ್ದನೆಯ ಬಾಲ. ಅವನ ಗೋಡೆಯಲ್ಲಿ ಕಟ್ಟುಹಾಕಿಸಿಕೊಂಡ ಸಹಿ. ಗೊತ್ತು, ಗೊತ್ತು ಎಂದವರ ಸಹಿ.

ಇಪ್ಪತ್ತಮೂರನೆಯದು ನಿಥಿವತ್‌ನದೇ. ಆಗ ಅವನ ಅಕ್ಷರ ದುಂಡಗಿತ್ತು. ಸಹಿ ಹಾಕಿದ ನೆನಪಿಗಾಗಿ ಅವನು ತಡಕಾಡಿದ. ಯಾವ ಕೋಣೆ, ಯಾರ ಪೆನ್ನು, ಏನನ್ನಿಸಿತ್ತು, ಏನೂ ಇರಲಿಲ್ಲ. ಗುರುಗಳು ಹಾಕು ಎಂದಿರಬೇಕು, ಹಾಕಿರಬೇಕು. ತನ್ನ ಹೆಸರಿನ ಇನ್ಯಾರೋ ಹಾಕಿದಂತೆ ಕಂಡಿತು. ಭಯವಾಯಿತು.

ಜೇಬಿನಲ್ಲಿ ಫೋನು ಅದುರಿತು, ರಸಿತಾಳ ಸಂದೇಶ. 'ಎಲ್ಲಿದೀರಿ? ಟಪಾಲಿನವರು ಮೊಹರು ಹಾಕ್ತೀವಿ ಅಂದ್ರು. ಮೂರೂವರೆ ಆಯ್ತು.'

ನೀಲಿ ಕಡತ ಹೂವಿನ ನೀರು ಕುಡಿದು ಮೆತ್ತಗಾಗಿತ್ತು. ಒಂದು ಕೈಯಲ್ಲಿ ಹಿಡಿದರೆ ಬಳುಕುತ್ತಿತ್ತು. ಅವನು ಖಾಲಿ ಹರಿವಾಣವೊಂದನ್ನು ತೆಗೆದುಕೊಂಡು, ಅದರ ಮೇಲೆ ಕಡತವೊಂದನ್ನೇ ಇಟ್ಟುಕೊಂಡು ಹೊರಟ.

"ಹರಿವಾಣ ವಾಪಸ್ ತನ್ನಿ ಆಚಾನ್," ಎಂದು ಲಮೈ ದೊಡ್ಡಮ್ಮ ಕೂಗಿದಳು. "ಲೆಕ್ಕ ಒಪ್ಪಿಸ್ಬೇಕು."

ಲಿಫ್ಟಿಗೆ ಹತ್ತಿರದ ದಾರಿ ವೇದಿಕೆಯ ಮೇಲಿನಿಂದಲೇ. ಸಭಾಂಗಣ ಬರಿದಾಗಿತ್ತು. ಬ್ಯಾನರಿನ ಒಂದು ಮೊಳೆ ಕಿತ್ತು ಬಂದಿತ್ತು. ಅಗಲವಾದ ಕುರ್ಚಿ ಅಲ್ಲೇ ಇತ್ತು. ಅದನ್ನು ದಾಟಿ ಹೋದವನು ಎರಡು ಹೆಜ್ಜೆ ಹಿಂದೆ ಬಂದ.

ಒಂದೇ ಒಂದು ಸಲ, ಎಂದುಕೊಂಡ.

"ಗುರುಗಳೇ," ಎಂದ ಕುರ್ಚಿಗೆ. "ಇದು ಮಂಡಳಿಗೆ ಅರ್ಜಿ. ದಯವಿಟ್ಟು ಸ್ವೀಕರಿಸಿ."

ಧ್ವನಿ ಸಭಾಂಗಣದ ತುದಿ ಮುಟ್ಟಿ ಬಂತು. ಬೆನ್ನು ನೆಟ್ಟಗಿತ್ತು. ಇಷ್ಟು ಸುಲಭವೇ ಎಂದು ಅವನಿಗೆ ಅಳು ಬರುವಷ್ಟು ಖುಷಿಯಾಯಿತು. ಇನ್ನೊಮ್ಮೆ ಹೇಳಿದ. ಮತ್ತೂ ಒಮ್ಮೆ.

"ಆಚಾನ್..."

ಬಾಗಿಲಲ್ಲಿ ಇಬ್ಬರು ಹುಡುಗಿಯರು. ಬಿಳಿ ಅಂಗಿ, ಬೆವರು, ಕೈಯಲ್ಲಿ ಹೂವಿನ ಕಟ್ಟು.

"ಬಸ್ ಕೆಟ್ಟೋಯ್ತು ಆಚಾನ್. ಹಳ್ಳಿಯಿಂದ ಬರೋಷ್ಟ್ರಲ್ಲಿ ಎಲ್ಲಾ ಮುಗಿದ್ಹೋಗಿದೆ. ನಿಮ್ಗೇ ಒಪ್ಪಿಸ್ಬಹುದಾ?"

"ನಾನು ಸ್ವಲ್ಪ ಅವಸರದಲ್ಲಿ..."

ಅಷ್ಟರಲ್ಲಿ ಅವರು ಮಂಡಿಯೂರಿಯಾಗಿತ್ತು. ತೆವಳುತ್ತಾ ಬಂದರು. ಕೈ ಚಾಚಿದರು. ಅವನ ಎರಡೂ ಕೈಯಲ್ಲಿ ಹರಿವಾಣವಿತ್ತು. ಅದು ಇದಕ್ಕೇ ಹಿಡಿದದ್ದೆಂದು ಅವರು ತಿಳಿದರು. ಮೊದಲನೆಯವಳು ಗರಿಕೆಯನ್ನೂ ಕೇಪಳವನ್ನೂ ಕಡತದ ಮೇಲೆ ಇಟ್ಟಳು. ಎರಡನೆಯವಳು ಬದನೆ ಹೂವಿಟ್ಟಳು, ಮಡಿಲಿನ ಪೊಟ್ಟಣ ಬಿಚ್ಚಿ ಅರಳು ಸುರಿದಳು. ಹಣೆ ನೆಲಕ್ಕೆ ತಾಗಿಸಿದರು.

ಜೇಬಿನಲ್ಲಿ ಫೋನು ಅದುರತೊಡಗಿತು. ನಿಂತಿತು. ಮತ್ತೆ ಅದುರಿತು.

ಹುಡುಗಿಯರು ತಲೆ ಎತ್ತಲಿಲ್ಲ. ಹರಸುವ ತನಕ ಎತ್ತುವಂತಿಲ್ಲ. ಅವನು ಬಾಯಿ ತೆರೆದ. ಆಗಷ್ಟೇ ಮೂರು ಸಲ ಹೇಳಿದ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು.

"ಒಳ್ಳೇದಾಗ್ಲಿ," ಎಂದ. "ಊಟ ಸರಿಯಾಗಿ ಮಾಡಿ."

"ಒಂದು ಫೋಟೋ ಆಚಾನ್? ಅಮ್ಮಂಗೆ ಕಳ್ಸಕ್ಕೆ. ಸ್ವಲ್ಪ ಬಗ್ಗಿ, ಹೂವು ಕಾಣ್ಲಿ."

ಅವನು ಬಗ್ಗಿದ. ಹರಿವಾಣದಲ್ಲಿ ಹೂವಿನ ಅಡಿಯಿಂದ ನೀಲಿಯ ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಲೇ ಇತ್ತು. ಎರಡೂ ಕೈ ತುಂಬಿದ್ದವು.