ಬಾಗಿಲ ಮೇಲಿನ ನದಿ

ಚಿತ್ರವನ್ನು ಗೋಡೆಗೆ ಒರಗಿಸಿದ ಕೂಡಲೇ ಬಡಗಿ ಜೆರ್ವೇ ನಕ್ಕುಬಿಟ್ಟ.

“ಈ ಅಗಸಗಿತ್ತೀರೇನವ್ವ, ಕೊಕ್ಕರೆ ವಂಶದೋರಾ? ಇಷ್ಟುದ್ದ ಇದ್ರೆ ಬಗ್ಗಿ ಬಟ್ಟೆ ಒಗೆಯೋದು ಹೆಂಗೆ?”

ಪೆರಿನ್ ಕುಂಚ ಒರೆಸುವ ಬಟ್ಟೆಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಬೆಳಗಿನ ಮಂಜು, ಹಳೆಯ ಗಿರಣಿ, ಗುಲಾಬಿಗೆ ತಿರುಗುತ್ತಿರುವ ಆಕಾಶ, ನದಿ, ದಡದಲ್ಲಿ ಇಬ್ಬರು ಹೆಂಗಸರು. ಎಲ್ಲವೂ ಅವಳೇ ಬರೆದದ್ದು. ಹನ್ನೊಂದು ವರ್ಷ ಅವಳು ಚಿಕ್ಕಪ್ಪ ಗೆರಾರ್‌ನ ಚಿತ್ರಗಳಿಗೆ ಎಲೆ, ಮೋಡಗಳನ್ನು ತುಂಬಿದ್ದಳು; ಕೆಳಗೆ ಅವನ ಹೆಸರಿರುತ್ತಿತ್ತು. ಈ ಚಳಿಗಾಲ ಅವನ ಕೈ ಗಂಟುಗಳು ಊದಿಕೊಂಡಾಗ ಅನಿವಾರ್ಯವಾಗಿ ಈ ಮನೆಯ ಕೆಲಸವನ್ನು ಅವಳಿಗೆ ಬಿಟ್ಟಿದ್ದ. ಮನೆಯೊಡತಿ ಒಂದು ಗೆರೆಯನ್ನೂ ತಿದ್ದಿಸದೆ ಒಪ್ಪಿದರೆ ಅವಳ ಹೆಸರೇ ಇರಲಿ, ಇಲ್ಲವಾದರೆ ಬೀಸಣಿಗೆಗಳಿಗೆ ಹೂ ಬರೆಯಲು ಹೋಗಲಿ ಎಂದಿದ್ದ.

ಈಗ ಅವನ ಮುಖ ಬಿಳುಪೇರಿತ್ತು. “ನೀರು ಹರಿಯೋದು ಬಿಟ್ಟು ಎದ್ದು ನಿಂತಿದೆಯಲ್ಲೇ, ಒಣಗಾಕಿದ ದುಪ್ಪಟಿ ಥರ. ಮುಚ್ಚಿಬಿಡು. ಬಣ್ಣ ಇನ್ನೂ ಆರಿಲ್ಲ ಅಂತೀನಿ.”

ಮುಚ್ಚುವಷ್ಟರಲ್ಲಿ ಮನೆಯೊಡತಿ ಮದಾಮ್ ದ ವೋಸೆಲ್ ಒಳಬಂದಿದ್ದಳು. ನೋಡಿದಳು.

“ಗೆರಾರ್ ಅವರೆ, ನಿಮ್ಮ ಕೈನೋವು ಚಿತ್ರಕ್ಕೂ ಅಂಟಿಕೊಂಡ ಹಾಗಿದೆ.”

“ತಿದ್ದಿ ಕೊಡ್ತೀನಿ, ಅಮ್ಮಾವ್ರೆ.”

“ತಿದ್ದೋದು ಬೇಡ,” ಎಂದಳು ಪೆರಿನ್. ದನಿ ತನ್ನದಲ್ಲವೆನಿಸಿತು. “ಅದರ ಜಾಗ ಬಾಗಿಲ ಮೇಲೆ. ಅಲ್ಲಿಗೆ ಏರಿಸಿ ನೋಡಿ.” ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದಳು. “ಎರಡು ದಿನ ಇಲ್ಲೇ ನೆಲದ ಮೇಲೆ ಕೂತು ಆ ಜಾಗ ನೋಡಿದೀನಿ. ನೀವು ಒಂದು ಸಲಾನೂ ಬರಲಿಲ್ಲ.”

ಮದಾಮ್ ಏಣಿಯ ಕಡೆ ಕೈ ತೋರಿಸಿದಳು.

ಜೆರ್ವೇ ಮತ್ತು ಅವನ ಜೊತೆಗಾರ ಚಿತ್ರವನ್ನು ಹೊತ್ತು ಏರಿದರು. ಬಾಗಿಲ ಮೇಲಿನ ಚಿನ್ನದ ಚೌಕಟ್ಟಿನೊಳಗೆ ಅದನ್ನು ಕೂರಿಸಿದರು. ಪೆರಿನ್ ಮೇಲೆ ನೋಡಲಿಲ್ಲ. ಮದಾಮಳ ಮುಖವನ್ನೇ ನೋಡುತ್ತಿದ್ದಳು. ಮೊದಲು ಆ ಹುಬ್ಬು ಸಡಿಲವಾಯಿತು. ಆಮೇಲೆ ತುಟಿ.

ಆಗ ಕತ್ತೆತ್ತಿದಳು. ಕೆಳಗಿನಿಂದ ನೋಡುವ ಕಣ್ಣಿಗೆ ಅಗಸಗಿತ್ತಿಯರು ಕುಗ್ಗಿ, ಬೆನ್ನು ಬಗ್ಗಿಸಿ ಒಗೆಯುತ್ತಿದ್ದರು. ನದಿ ಮಲಗಿಕೊಂಡು ಗಿರಣಿಯ ಹಿಂದಿನ ಮಂಜಿನತ್ತ ಸರಿಯುತ್ತಿತ್ತು. ಎಡಗಡೆಯ ಕಿಟಕಿಯಿಂದ ಬಂದ ನಿಜವಾದ ಬೆಳಕು ಚಿತ್ರದ ಬೆಳಕಿನೊಳಗೆ ಹಾಗೇ ನಡೆದುಹೋಗಿತ್ತು.

ಮದಾಮ್ ಕುರ್ಚಿ ಎಳೆದು ಕೂತಳು. ಆ ಮೌನಕ್ಕೆ ಪೆರಿನ್ ಹೆದರಲಿಲ್ಲ. ಅದು ನದಿಯ ಪಕ್ಕ ಕೂತವರ ಮೌನವೆಂದು ಅವಳಿಗೆ ತಿಳಿಯಿತು.

“ಈ ಮಂಜು ಹತ್ತು ಗಂಟೆಗೆ ಮುಂಚೆ ಬಿಡಲ್ಲ,” ಎಂದಳು ಮದಾಮ್ ಕೊನೆಗೆ. “ನಮ್ಮೂರಲ್ಲೂ ಹೀಗೇ. ಉಳಿದ ಮೂರು ಬಾಗಿಲೂ ಇದೇ ಕೈಯಲ್ಲಾಗಲಿ. ಯಾರ ಕೈ ಇದು?”

ಗೆರಾರ್ ತಡೆದ. ನನ್ನದು ಎನ್ನಲು ಅವನಿಗೆ ಒಂದು ಪದ ಸಾಕಿತ್ತು.

“ನಮ್ಮಣ್ಣನ ಮಗಳದು,” ಎಂದ. “ಪೆರಿನ್ ಗೆರಾರ್.”

ಅವಳು ಕುಂಚ ಹಿಡಿದು ಏಣಿ ಹತ್ತಿದಳು. ದಡದ ಕಪ್ಪು ಮಣ್ಣಿನಲ್ಲಿ ಅವಸರವಿಲ್ಲದೆ ತನ್ನ ಹೆಸರು ಬರೆದಳು.

“ಅಷ್ಟು ಚಿಕ್ಕದಾಗಿ ಬರೆದ್ರೆ ಯಾರಿಗೇ ಕಾಣ್ಸತ್ತೆ?” ಕೆಳಗಿನಿಂದ ಚಿಕ್ಕಪ್ಪ ಕೂಗಿದ. “ಒರೆಸಿ ದೊಡ್ಡದಾಗಿ ಬರಿ.”